ಸ್ಕೂಬಾ ಪ್ರವಾಸ: ತಪ್ಪು ಕಲ್ಪನೆ ಮತ್ತು ಸತ್ಯ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸೀಮೆಯ ಸುಣ್ಣದ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ರೂಪುಗೊಂಡದ್ದಾದರೂ ಇಂದು ಇಲ್ಲಿಂದ ಕಡಲು ನೂರಾರು ಕಿಲೋಮೀಟರ್ ದೂರವಿದೆ. ಸ್ಕೂಬಾ ಎಂದರೆ ಬೆನ್ನಿಗೆ ಕಟ್ಟಿದ ಸಿಲಿಂಡರಿನಿಂದ ಉಸಿರಾಡುತ್ತ ನೀರಿನಡಿ ಸಂಚರಿಸುವ ವಿದ್ಯೆ. ಅದಕ್ಕಾಗಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕಾಗಲಿ ಮೆಡಿಟರೇನಿಯನ್ ತೀರಕ್ಕಾಗಲಿ ಹೊರಡುವ ಇಲ್ಲಿನವರು ಮೊದಲು ಅರಿಯಬೇಕಾದದ್ದು ನೀರಿಗಿಂತ ಹೆಚ್ಚಾಗಿ ಗಾಳಿಯ ಸ್ವಭಾವವನ್ನು.

ತಪ್ಪು ಕಲ್ಪನೆ: ಸಿಲಿಂಡರಿನಲ್ಲಿರುವುದು ಶುದ್ಧ ಆಮ್ಲಜನಕ.
ಸತ್ಯ: ಪ್ರವಾಸಿಗರ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಒತ್ತಿ ತುಂಬಿದ ಮಾಮೂಲು ಗಾಳಿ, ಅದರಲ್ಲಿ ಆಮ್ಲಜನಕ ಸುಮಾರು ಶೇ. 21, ಸಾರಜನಕ ಶೇ. 78. ಶುದ್ಧ ಆಮ್ಲಜನಕವು ಸುಮಾರು 6 ಮೀಟರಿಗಿಂತ ಆಳದಲ್ಲಿ ವಿಷವಾಗಿ ಪರಿಣಮಿಸಿ ಸೆಳವು ತರಬಲ್ಲದು.

ತಪ್ಪು ಕಲ್ಪನೆ: ಬಾವಿಯಲ್ಲಿ ಈಜು ಕಲಿತು ಉಸಿರು ಬಿಗಿಹಿಡಿಯಬಲ್ಲವರಿಗೆ ಸ್ಕೂಬಾ ಸುಲಭ.
ಸತ್ಯ: ಈಜು ನೆರವಾಗುತ್ತದೆ, ಆದರೆ ಉಸಿರು ಹಿಡಿಯುವ ಅಭ್ಯಾಸವೇ ಇಲ್ಲಿ ಅಪಾಯ. ಹತ್ತು ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಗಿಂತ ಎರಡು ಪಟ್ಟಾಗುವುದರಿಂದ, ಅಲ್ಲಿ ತುಂಬಿಕೊಂಡ ಉಸಿರನ್ನು ಬಿಡದೆ ಮೇಲೇರಿದರೆ ಅದು ಎರಡು ಪಟ್ಟು ಹಿಗ್ಗಲು ಯತ್ನಿಸಿ ಶ್ವಾಸಕೋಶವನ್ನು ಹರಿಯಬಲ್ಲದು. ಆದ್ದರಿಂದ ಉಸಿರಾಟವನ್ನು ಎಂದೂ ನಿಲ್ಲಿಸದೆ, ನಿಧಾನವಾಗಿ ಮೇಲೇರಬೇಕು.

ತಪ್ಪು ಕಲ್ಪನೆ: ನೀರು ತುಂಬಿದ ಹಳೆಯ ಪರಸಿ ಕಲ್ಲಿನ ಗಣಿಗಳಲ್ಲಿ ತಾಲೀಮು ಮಾಡಬಹುದು.
ಸತ್ಯ: ಕಡಿದಾದ ಗೋಡೆ, ತಿಳಿಯದ ಆಳ, ಮೇಲೆತ್ತುವವರಿಲ್ಲದ ಸ್ಥಿತಿ ಇವೆಲ್ಲ ಸೇರಿ ಅಂಥ ಗುಂಡಿಗಳು ಪ್ರಾಣಾಂತಕವಾಗುತ್ತವೆ. ತರಬೇತಿಯು ಬೋಧಕರ ಕಣ್ಣೆದುರು, ಈಜುಕೊಳದಲ್ಲಿ ಆರಂಭವಾಗಬೇಕು.

ತಪ್ಪು ಕಲ್ಪನೆ: ನೇತ್ರಾಣಿಯಲ್ಲಿ ಒಮ್ಮೆ ಮುಳುಗಿದವರು ಎಲ್ಲಿ ಬೇಕಾದರೂ ಮುಳುಗಬಹುದು.
ಸತ್ಯ: ಬೋಧಕರೊಡನೆ ಮಾಡುವ ಒಂದು ದಿನದ ಪ್ರಯೋಗಕ್ಕೆ ಗರಿಷ್ಠ ಮಿತಿ 12 ಮೀಟರ್. ಜೊತೆಗಾರರೊಂದಿಗೆ 18 ಮೀಟರಿನವರೆಗೆ ಇಳಿಯಲು 'ಓಪನ್ ವಾಟರ್' ಪ್ರಮಾಣಪತ್ರ ಬೇಕು.

ತಪ್ಪು ಕಲ್ಪನೆ: ರಜೆ ಸಿಕ್ಕಾಗಲೆಲ್ಲ ಹೊರಡಬಹುದು.
ಸತ್ಯ: ನೇತ್ರಾಣಿಯ ಕಾಲ ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇವರೆಗೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಕೆರಳಿ ಅಲ್ಲಿ ಚಟುವಟಿಕೆ ನಿಂತಾಗ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೆಡಿಟರೇನಿಯನ್ ನೀರು ಬೆಚ್ಚಗೂ ಶಾಂತವಾಗಿಯೂ ಇರುತ್ತದೆ.

ತಪ್ಪು ಕಲ್ಪನೆ: ಬೆಳಿಗ್ಗೆ ಮುಳುಗಿ ಸಂಜೆಯೇ ವಿಮಾನ ಹತ್ತಬಹುದು.
ಸತ್ಯ: ಆಳದಲ್ಲಿ ದೇಹಕ್ಕೆ ಕರಗಿ ಸೇರಿದ ಸಾರಜನಕವು ವಿಮಾನದೊಳಗಿನ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗಿ ಕೀಲುನೋವನ್ನೂ, ಕೆಲವೊಮ್ಮೆ ಪಾರ್ಶ್ವವಾಯುವನ್ನೂ ತರಬಲ್ಲದು. ಒಮ್ಮೆ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು 18 ಗಂಟೆ ಕಾಯಬೇಕು.

ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನವೇ ಕಿವಿ, ಹೃದಯ ಮತ್ತು ಶ್ವಾಸಕೋಶಗಳ ತಪಾಸಣೆ ಮಾಡಿಸಿಕೊಂಡು, ಬೋಧಕರ ಪ್ರಮಾಣಪತ್ರವನ್ನು ಕೇಳಿ ನೋಡಿ, ಹಿಂದಿರುಗುವ ಪ್ರಯಾಣಕ್ಕೆ ಮುನ್ನ ಒಂದು ದಿನವನ್ನು ಬಿಡುವಾಗಿ ಇಟ್ಟುಕೊಳ್ಳುವುದು ಪ್ರತಿಯೊಬ್ಬರ ಕರ್ತವ್ಯ.