ಕೆಟ್ಟ ಫಾಂಟುಗಳೂ ಕನ್ನಡದ ಒತ್ತಕ್ಷರಗಳೂ

ಸೀಸದ ಮೊಳೆಗಳ ಕಾಲದಲ್ಲಿ ಮೊಳೆಯೊಂದು ಮುರಿದರೆ ಆ ಅಕ್ಷರ ಮಾತ್ರ ಮಸುಕಾಗುತ್ತಿತ್ತು. ಅಚ್ಚಿನ ಯಂತ್ರಕ್ಕೆ ಅದರಿಂದ ಕೇಡಿರಲಿಲ್ಲ. ಗಣಕಯಂತ್ರದ ಫಾಂಟು ಹಾಗಲ್ಲ. ಅದು ಕೆಟ್ಟಿದ್ದರೆ ಅದನ್ನು ಓದುವ ತಂತ್ರಾಂಶವೇ ಕುಸಿಯಬಹುದು. ದುರುದ್ದೇಶದಿಂದ ಕೆಡಿಸಿದ್ದಾದರೆ ಯಂತ್ರವೇ ಪರಾಧೀನವಾಗಬಹುದು. ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆಗಳು ಗಣಕದಲ್ಲೇ ಸಿದ್ಧವಾಗುವ ಈ ಕಾಲದಲ್ಲಿ ಫಾಂಟುಗಳೂ ಪೆನ್‌ಡ್ರೈವಿನಲ್ಲಿ ಶಾಲೆಯಿಂದ ಶಾಲೆಗೆ ಸಂಚರಿಸುವುದರಿಂದ, ಈ ವಿಷಯವನ್ನು ಉಪಾಧ್ಯಾಯ ಬಂಧುಗಳ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಫಾಂಟೆಂಬುದು ಬರಿಯ ಚಿತ್ರಗಳ ಕಟ್ಟಲ್ಲ, ಕೋಷ್ಟಕಗಳ ಗ್ರಂಥ. ಮೊದಲ 12 ಬೈಟುಗಳು ಅದರ ಮುಖಪುಟ, ಕೋಷ್ಟಕಗಳೆಷ್ಟೆಂಬುದು ಅಲ್ಲಿರುತ್ತದೆ. ಅನಂತರ ಪರಿವಿಡಿ. ಒಂದೊಂದು ಕೋಷ್ಟಕಕ್ಕೂ 16 ಬೈಟುಗಳಂತೆ ಹೆಸರು, ತಾಳೆಯ ಮೊತ್ತ, ಆರಂಭಸ್ಥಾನ, ಉದ್ದ ಎಂದು ಬರೆದಿರುತ್ತದೆ. 200 ಪುಟಗಳ ಗ್ರಂಥದ ಪರಿವಿಡಿಯು 'ವ್ಯಾಕರಣ, ಪುಟ 350' ಎಂದರೆ ಮನುಷ್ಯನು ನಕ್ಕು ಸುಮ್ಮನಾಗುವನು. ಯಂತ್ರವಾದರೋ 350ನೆಯ ಪುಟವನ್ನರಸುತ್ತ ಪಕ್ಕದ ಗ್ರಂಥದೊಳಗೆ ಕೈಹಾಕುವುದು. ಪ್ರತಿ ಮುಗಿಯುವ ಮೊದಲೇ ಪೆನ್‌ಡ್ರೈವನ್ನು ಕಿತ್ತರೆ ಇಂಥ ಅರೆಕಡತ ಹುಟ್ಟುವುದುಂಟು.

ಆರಂಭಸ್ಥಾನವನ್ನೂ ಉದ್ದವನ್ನೂ ಕೂಡಿಸಿ ಕಡತದ ಗಾತ್ರದೊಡನೆ ಹೋಲಿಸಿದರೆ ಸಾಕಲ್ಲವೆ? ಸಾಲದು. 32 ಬಿಟ್‌ಗಳ ಸಂಖ್ಯೆಯು 4,29,49,67,295ನ್ನು ಮೀರಲಾರದು; ಮೀರಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಆರಂಭ 4,29,49,67,290, ಉದ್ದ 100 ಎಂದಿದ್ದರೆ ಯಂತ್ರಕ್ಕೆ ಬರುವ ಮೊತ್ತ 94! ಕೆಟ್ಟ ಕಡತ ಪರೀಕ್ಷೆಯಲ್ಲಿ ಉತ್ತೀರ್ಣವಾಯಿತು. ಆರಂಭಸ್ಥಾನವು ಕಡತದೊಳಗಿದೆಯೆ ಎಂದು ಮೊದಲು ನೋಡಿ, ಗಾತ್ರದಿಂದ ಅದನ್ನು ಕಳೆದು, ಉಳಿದ ಜಾಗದಲ್ಲಿ ಉದ್ದವು ಹಿಡಿಯುವುದೆ ಎಂದು ಆಮೇಲೆ ನೋಡತಕ್ಕದ್ದು. ಕೂಡಿಸುವ ಬದಲು ಕಳೆಯುವುದು. ಕೆಳಗಿನ ತರಗತಿಯ ಲೆಕ್ಕವಷ್ಟೆ. ತಾಳೆಯ ಮೊತ್ತವನ್ನಂತೂ ನೆಚ್ಚುವಂತಿಲ್ಲ. ವಂಚಕನು ಅದನ್ನು ಸರಿಯಾಗಿಯೇ ಬರೆಯಬಲ್ಲನು.

ಇದು ಬರಿಯ ಶಂಕೆಯಲ್ಲ. ಕೇರಳದ ಶಾಲಾ ಗಣಕಗಳಲ್ಲಿರುವ ಲಿನಕ್ಸಿನಲ್ಲಿ ಅಕ್ಷರ ಮೂಡಿಸುವುದು ಫ್ರೀಟೈಪ್ ಎಂಬ ತಂತ್ರಾಂಶ. ಫಾಂಟಿನೊಳಗಿನ ಪಿಎನ್‌ಜಿ ಚಿತ್ರದ ಅಗಲವು 32 ಬಿಟ್‌ಗಳಲ್ಲಿದ್ದರೆ ಅದು 16 ಬಿಟ್‌ಗಳ ಜಾಗದಲ್ಲಿ ಗುರುತುಮಾಡಿಕೊಳ್ಳುತ್ತಿತ್ತು. 65,540 ಎಂಬ ಅಗಲ 4 ಆಗುವುದು. ಜಾಗ ನಾಲ್ಕರದ್ದು, ತುಂಬುವುದು ಅರುವತ್ತೈದು ಸಾವಿರದ್ದು. ನೆರೆಯ ಸ್ಮರಣಕೋಶವೆಲ್ಲ ಕೆಡುವುದು. ದುಷ್ಟರು ಕ್ರೋಮ್ ಬ್ರೌಸರಿನ ಮೂಲಕ ಇದನ್ನು ಬಳಸುತ್ತಿದ್ದುದು 2020ರ ಅಕ್ಟೋಬರಿನಲ್ಲಿ ತಿಳಿದುಬಂದು, ಫ್ರೀಟೈಪಿನ 2.10.4ನೆಯ ಆವೃತ್ತಿಯಲ್ಲಿ ದೋಷವನ್ನು ತಿದ್ದಿದರು.

ಇನ್ನು ಕನ್ನಡಕ್ಕೆ ವಿಶೇಷವಾದ ಮಾತು. ಕೋಷ್ಟಕವೊಂದು ಸರಿಪಡಿಸಲಾರದಷ್ಟು ಕೆಟ್ಟಿದೆಯೆಂದು ಕಂಡರೆ, ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಝ್ ತಂತ್ರಾಂಶವು ಅದನ್ನು ಬರಿದೆಂದೇ ಭಾವಿಸಿ ಮುಂದುವರಿಯುತ್ತದೆ. ಯಂತ್ರದ ರಕ್ಷಣೆಗೆ ಇದು ಒಳ್ಳೆಯದೇ. ಆದರೆ ಕೆಟ್ಟದ್ದು ಜಿಎಸ್‌ಯುಬಿ ಎಂಬ ರೂಪಪರಿವರ್ತನೆಯ ಕೋಷ್ಟಕವಾದರೆ? ಇಂಗ್ಲಿಷಿಗೆ ಅದು ಬಹುಪಾಲು ಅಲಂಕಾರ. ಇಲ್ಲದಿದ್ದರೂ ಓದು ಸಾಗುತ್ತದೆ. ನಮ್ಮ ಒತ್ತುಗಳೂ ಅರ್ಕಾವೊತ್ತೂ ಹುಟ್ಟುವುದು ಅಲ್ಲಿಂದಲೇ. 'ಶಾಸ್ತ್ರ'ವು 'ಶಾಸ್‌ತ್‌ರ' ಆಗಿ ಬಿಡುವುದು. ಮಲಯಾಳದ ಪಾಡೂ ಇದೇ. ತಂತ್ರಜ್ಞರು 'ಫಾಂಟು ತೆರೆಯಿತು, ತೊಂದರೆಯಿಲ್ಲ' ಎನ್ನಬಹುದು. ಪ್ರಶ್ನೆಯನ್ನು ಓದಲಾರದೆ ಕುಳಿತ ಮಗುವಿಗೆ ಅದರಿಂದೇನು? ಕನ್ನಡ ಫಾಂಟಿನ ಈ ಕೋಷ್ಟಕ ಕೆಟ್ಟಿದ್ದರೆ ತಂತ್ರಾಂಶವು ಫಾಂಟನ್ನೇ ಕೈಬಿಟ್ಟು, ಬಳಸುವವರಿಗೆ ತಿಳಿಸಿ, ಬೇರೊಂದು ಕನ್ನಡ ಫಾಂಟನ್ನು ಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ, ಸಂಶಯದ ಫಾಂಟಿನಲ್ಲಿ 'ಜ್ಞಾನ, ಸೂರ್ಯ, ರಾಷ್ಟ್ರ' ಎಂದು ಬರೆದು ನೋಡುವುದು, ಒಡೆದು ಕಂಡರೆ ಅದನ್ನು ಅಳಿಸಿ ಲೋಹಿತ್ ಅಥವಾ ನೋಟೋ ಫಾಂಟನ್ನು ಮೂಲದಿಂದಲೇ ತರಿಸಿಕೊಳ್ಳುವುದು ಲೇಸು. ಹಳೆಯ ನುಡಿ, ಬರಹಗಳ ಸಂಕೇತದಲ್ಲಿ ಬರೆದುದು ಯುನಿಕೋಡ್ ಫಾಂಟಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದು ಬೇರೆಯೇ ರೋಗ. ಅಲ್ಲಿ ಫಾಂಟನ್ನು ಅಳಿಸಿ ಪ್ರಯೋಜನವಿಲ್ಲ, ಪಠ್ಯವನ್ನೇ ಪರಿವರ್ತಿಸಬೇಕು.