ಹುಲಿಗೆ ಮನೆ ತಪ್ಪಿಸುವ ಆಟ

ಬೇಸಗೆಯ ಇಳಿಹೊತ್ತಿನಲ್ಲಿ ಕೊಂಡ್ಲಹಳ್ಳಿಯ ಬೇವಿನಕಟ್ಟೆಯ ಮೇಲೆ, ಕಲ್ಲುಚಪ್ಪಡಿಯಲ್ಲಿ ಸೀಮೆಸುಣ್ಣದಿಂದ ಗೆರೆಗಳನ್ನೆಳೆದು, ಹುಣಸೆಯ ಬೀಜಗಳನ್ನು ಕುರಿಗಳೆಂದೂ ಬೆಣಚುಕಲ್ಲುಗಳನ್ನು ಹುಲಿಗಳೆಂದೂ ಇರಿಸಿಕೊಂಡು ಹುಡುಗರು ಆಡುತ್ತಿದ್ದರು. ಅವರ ಪಕ್ಕದಲ್ಲಿಯೇ ಅವರ ಅಣ್ಣಂದಿರು ಮೊಬೈಲಿನಲ್ಲಿ ಸಾಮ್ರಾಜ್ಯಗಳನ್ನು ಕಟ್ಟಿ ಕೆಡಹುತ್ತಿದ್ದರು. ಎರಡೂ ಒಂದೇ ಕುಲದ ಆಟಗಳೆಂಬುದನ್ನು ಅಣ್ಣಂದಿರೂ ಅರಿಯರು, ತಮ್ಮಂದಿರೂ ಅರಿಯರು. ಅವರಿಗಾಗಿ ನಮ್ಮ ನಾಡಿನದೇ ಒಂದು ಸಮರವನ್ನು ಆಟದ ಹಾಸಿಗೆ ಇಳಿಸಿಕೊಡಬೇಕೆಂಬ ಹವ್ಯಾಸವು ನನಗೆ ಅಂಟಿದುದು ಆ ಕಟ್ಟೆಯ ಮೇಲೆಯೇ.

ಚದುರಂಗದಲ್ಲಿ ಉಭಯ ಪಕ್ಷಗಳೂ ಸಮಬಲದವು. ಪರಕೀಯ ಪ್ರಭುತ್ವಕ್ಕೆ ಇದಿರುಬಿದ್ದವರ ಯುದ್ಧವಾದರೋ ಎಂದಿಗೂ ಹಾಗಿರುವುದಿಲ್ಲ: ಒಬ್ಬನಲ್ಲಿ ಫಿರಂಗಿ, ಬೊಕ್ಕಸ, ಪಲ್ಟಣಗಳಿದ್ದರೆ ಇನ್ನೊಬ್ಬನಲ್ಲಿ ಕುದುರೆಯ ಕಾಲೂ ಕಾಡಿನ ಪರಿಚಯವೂ ಮಾತ್ರ. 1824ರಲ್ಲಿ ಪ್ರಷ್ಯದ ರೈಸ್ವಿಟ್ಸ್ ಎಂಬ ಸೇನಾಧಿಕಾರಿಯು ನಕಾಶೆ, ಕಾಯಿ, ದಾಳಗಳಿಂದ ಕೂಡಿದ ಯುದ್ಧದಾಟವನ್ನು ತನ್ನ ಸೈನ್ಯಕ್ಕೆ ಒಪ್ಪಿಸಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ ಥ್ಯಾಕರೆಯು ಮಡಿದನು. ಪ್ರಷ್ಯದ ಆ ಆಟವು ಸೇನೆಗೆ ಸೇನೆಯನ್ನು ಒಡ್ಡುವಂಥದು. ಕಿತ್ತೂರಿನಂಥ ಕಲಹವನ್ನು ಅದರಿಂದ ಅಳೆಯುವುದು ದುಸ್ತರ. ಅದಕ್ಕೆ ತಕ್ಕ ವ್ಯಾಕರಣವು ನಮ್ಮ ಹುಲಿ-ಕುರಿ ಆಟದಲ್ಲಿದೆ. ಮೂರು ಹುಲಿ, ಹದಿನೈದು ಕುರಿ ಎಂಬುದು ಅದರ ಒಂದು ಪಾಠ. ಹುಲಿಯು ಹಾರಿ ಕೊಲ್ಲಬಲ್ಲದು. ಕುರಿಯು ಯಾರನ್ನೂ ಕೊಲ್ಲಲಾರದು. ಆದರೂ ಕುರಿಗಳು ಗೆಲ್ಲುವುದುಂಟು, ಹುಲಿಗೆ ಕಾಲಿಡಲು ಮನೆಯಿಲ್ಲದಂತೆ ಮಾಡಿ.

ನಾನು ಆರಿಸಿಕೊಂಡ ಸಮರದ ನಾಯಕನ ಹೆಸರಿನಲ್ಲಿಯೇ ಹುಲಿಯಿರುವುದು ಆಕಸ್ಮಿಕ. ಚನ್ನಗಿರಿಯಲ್ಲಿ ಹುಟ್ಟಿ, ಹೈದರನ ಸೇನೆಯಲ್ಲಿ ದುಡಿದು, ಟಿಪ್ಪುವಿನ ಸೆರೆಮನೆಯಲ್ಲಿ ಕೊಳೆಯುತ್ತಿದ್ದ ಧೋಂಡಿಯ ವಾಘನು 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಹೊರಬಂದನು. ಕೆಲಸ ತಪ್ಪಿದ ಸುಲ್ತಾನನ ಸವಾರರನ್ನು ಕೂಡಿಸಿಕೊಂಡು ಬಿದನೂರು ಸೀಮೆಯನ್ನು ಆಕ್ರಮಿಸಿದನು. ಶಿಕಾರಿಪುರದಲ್ಲಿ ಸೋತು ಮರಾಠರ ಸೀಮೆಗೆ ಓಡಿಹೋದವನು ಮರುವರ್ಷ ಉಭಯಲೋಕಾಧೀಶ್ವರನೆಂಬ ಬಿರುದನ್ನು ಧರಿಸಿ ಮರಳಿ ತಲೆಯೆತ್ತಿದನು. ಅವನನ್ನು ಬೆನ್ನಟ್ಟಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು, ಬಟೇವಿಯ ದಂಡಯಾತ್ರೆಯ ಪದವಿಯು ತಾನಾಗಿ ಒದಗಿಬಂದಿದ್ದರೂ ಈ ಕಾರ್ಯಕ್ಕಾಗಿ ಅದನ್ನು ಬಿಟ್ಟನು. ವಾಟರ್ಲೂವಿನ ವಿಜಯಿಯಾಗಿ ಮುಂದೆ ಲೋಕವೆಲ್ಲ ಕೊಂಡಾಡಿದವನು ಇವನೇ.

ಇಲ್ಲಿ ಹುಲಿಯು ಬಂಡಾಯಗಾರ, ಕುರಿಗಳು ಕಂಪೆನಿಯ ತುಕಡಿಗಳು. ಹಾಸಿನ ಗೆರೆಗಳನ್ನೋ ನಾನು ಎಳೆಯಬೇಕಾಗಲಿಲ್ಲ. ತುಂಗಭದ್ರೆ, ಮಲಪ್ರಭೆ, ಕೃಷ್ಣೆಯರು ಎಳೆದಿಟ್ಟಿದ್ದರು. ಮುಂಗಾರಿನಲ್ಲಿ ಹೊಳೆಗಳು ತುಂಬಿದರೆ ಅವು ಗೋಡೆಗಳು, ಇಳಿದರೆ ಬಾಗಿಲುಗಳು. 1800ರ ಜೂನ್ ತಿಂಗಳ ಕೊನೆಯಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ ವೆಲ್ಲೆಸ್ಲಿಯ ಲೆಕ್ಕವೆಲ್ಲ ಈ ಗೋಡೆಗಳ ಮೇಲೆಯೇ ನಿಂತಿತ್ತು. ಜುಲೈ 30ರಂದು ಮುನವಳ್ಳಿಯ ಬಳಿ ಧೋಂಡಿಯನ ಪಾಳೆಯವು ಹಾಳಾಗಿ ಫಿರಂಗಿಗಳು ಕೈತಪ್ಪಿದ ಮೇಲೆ ಬೇಟೆಯು ಮುಗಿದಂತೆಯೇ ಕಂಡಿತು. ಆದರೆ ಆಗಸ್ಟಿನಲ್ಲಿ ಮಲಪ್ರಭೆಯ ನೆರೆಯು ಎಣಿಸದಂತೆ ಇಳಿದು, ಹುಲಿಯು ಗೆರೆಯನ್ನು ದಾಟಿ ನುಸುಳಿಹೋಯಿತು. ಆದುದರಿಂದ ನನ್ನ ಆಟದಲ್ಲಿ ವಾರಕ್ಕೊಂದು ಸರದಿಯಂತೆ ಹನ್ನೆರಡು ಸರದಿಗಳು. ಪ್ರತಿಯೊಂದು ಸರದಿಯ ಆದಿಯಲ್ಲಿ ಹೊಳೆಗಳಿಗಾಗಿ ದಾಳವನ್ನು ಹಾಕತಕ್ಕದ್ದು. ಹೊಡೆದಾಟಕ್ಕೆ ದಾಳವಿಲ್ಲ.

ಇನ್ನು ಎತ್ತುಗಳ ಮಾತು. ನೊಗವನ್ನೇ ಕಾಣದ ದೇವರ ಎತ್ತುಗಳನ್ನು ಮ್ಯಾಸಬೇಡರು ಇಂದಿಗೂ ಸಾಕುವ ಈ ಸೀಮೆಯಲ್ಲಿ ಕುಳಿತು, ಎತ್ತಿಲ್ಲದ ಯುದ್ಧದಾಟವನ್ನು ರಚಿಸುವುದು ನನಗೆ ಅಸಾಧ್ಯವಾಯಿತು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತು. ಚಳ್ಳಕೆರೆಯ ವಿಶಾಲವಾದ ಕಾವಲುಗಳು (ಈಗ ಅವುಗಳ ಬಹುಭಾಗವು ವಿಜ್ಞಾನಸಂಸ್ಥೆಗಳ ಬೇಲಿಯೊಳಗಿದೆ) ಆ ತಳಿಯ ಮೇವಿನ ನೆಲೆಗಳು. ಫಿರಂಗಿಯನ್ನೆಳೆದುಕೊಂಡು ಕಾಲಾಳಿನ ನಡಿಗೆಗೆ ಹಿಂದೆ ಬೀಳದೆ ಸಾಗುವ ಈ ಎತ್ತುಗಳೂ, ಗೋಣಿಚೀಲಗಳಲ್ಲಿ ದಂಡಿಗೆ ಧಾನ್ಯವನ್ನು ಹೇರಿಕೊಂಡು ಬರುತ್ತಿದ್ದ ಲಂಬಾಣಿಗಳೂ ಇಲ್ಲದಿದ್ದರೆ ಪಲ್ಟಣಗಳು ಹರಿಹರವನ್ನು ಬಿಟ್ಟು ಹತ್ತು ಹರಿದಾರಿ ಹೋಗುವುದೂ ಕಷ್ಟವಾಗುತ್ತಿತ್ತು. ಆದಕಾರಣ ಕಂಪೆನಿಯ ಯಾವ ಕಾಯಿಯೂ ಎತ್ತಿನ ಕಾಯಿಯಿಂದ ಎರಡು ಮನೆಗಿಂತ ದೂರ ಹೋಗಲಾಗದೆಂದು ನಿಯಮವಿಟ್ಟೆನು. ಹುಲಿಯು ಎತ್ತನ್ನು ಹೊಡೆದರೆ ಆ ದಂಡಿಗೆ ಒಂದು ಸರದಿ ಉಪವಾಸ.

ಹುಲಿಯೇನು ತಿನ್ನಬೇಕು? ಇಲ್ಲಿ ಇತಿಹಾಸಕ್ಕೆ ಸುಳ್ಳು ಬಗೆಯಬಾರದು. ಧೋಂಡಿಯನನ್ನು ಇಪ್ಪತ್ತನೆಯ ಶತಮಾನದ ದೇಶಭಕ್ತನಂತೆ ಚಿತ್ರಿಸುವವರೂ ಇದ್ದಾರೆ, ಕಂಪೆನಿಯ ಕಾಗದಪತ್ರಗಳನ್ನು ನಂಬಿ ಬರಿಯ ಡಕಾಯಿತನೆನ್ನುವವರೂ ಇದ್ದಾರೆ. ಆಟವನ್ನು ಕಟ್ಟುವವನಿಗೆ ಈ ಎರಡು ಹೆಸರುಗಳಿಂದಲೂ ಪ್ರಯೋಜನವಿಲ್ಲ. ಧೋಂಡಿಯನ ಐದು ಸಾವಿರ ಸವಾರರಿಗೂ ಕುದುರೆಗಳಿಗೂ ದಿನದಿನದ ಜೋಳವು ಯಾವ ಊರಿನ ಹಗೇವಿನಿಂದ ಬಂದಿತೆಂಬುದೇ ಅವನ ಪ್ರಶ್ನೆ. ಊರನ್ನು ಸುಲಿದರೆ ಹೊಟ್ಟೆ ತುಂಬುತ್ತದೆ. ಆದರೆ ಮುಂದಿನ ಸರದಿಯಲ್ಲಿ ಆ ಊರು ಹುಲಿಯ ಜಾಡನ್ನು ವೈರಿಗೆ ತೋರಿಸುತ್ತದೆ. ಕಂಪೆನಿಗೂ ಇದೇ ನಿಯಮವು ಅನ್ವಯಿಸುತ್ತದೆ; ಹಣ ಕೊಟ್ಟು ಧಾನ್ಯವನ್ನು ಕೊಳ್ಳುವ ಅನುಕೂಲವು ಮಾತ್ರ ಅದಕ್ಕೆ ಹೆಚ್ಚು. ಹಣವಂತನ ಸೌಜನ್ಯವೂ ಒಂದು ಆಯುಧವೇ ಅಲ್ಲವೆ!

ಸಮಬಲವಿಲ್ಲದ ಪಕ್ಷಗಳನ್ನು ಹಾಸಿನ ಮೇಲೆ ಇದಿರುಬದಿರಾಗಿಸುವ ಚಿಂತನೆಯು ಹೊರದೇಶಗಳಲ್ಲಿ ಈಗ ಬೆಳೆದುಬಂದಿದೆ. 2019ರಲ್ಲಿ ಪ್ರಕಟವಾದ ‘ಗಾಂಧಿ’ ಎಂಬ ಹಾಸಿನಾಟದಲ್ಲಿ ಬ್ರಿಟಿಷ್ ಸರ್ಕಾರ, ಕಾಂಗ್ರೆಸ್ಸು, ಮುಸ್ಲಿಂ ಲೀಗು, ಕ್ರಾಂತಿಕಾರರು ಎಂಬ ನಾಲ್ವರಿಗೆ ನಾಲ್ಕು ಬಗೆಯ ಗೆಲವುಗಳಿವೆ. ನಮ್ಮ ಜಿಲ್ಲೆಯ ತುರುವನೂರಿನಲ್ಲಿ 1939ರಲ್ಲಿ ಈಚಲುಮರಗಳನ್ನು ಕಡಿದು ನಡೆಸಿದ ಸತ್ಯಾಗ್ರಹವನ್ನು ಹಾಸಿಗೆ ತರಬೇಕಾದರೆ ಅಂಥ ಹಾದಿಯನ್ನೇ ಹಿಡಿಯಬೇಕು. ಅದು ಬೇರೊಂದು ಬೇಸಗೆಯ ಕೆಲಸ.

ಇನ್ನು ಹುಲಿಯ ಕೊನೆ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ವೆಲ್ಲೆಸ್ಲಿಯು ನಾಲ್ಕು ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ನುಗ್ಗಿದನು. ಧೋಂಡಿಯನು ಅಲ್ಲಿ ಬಿದ್ದನು. ಅವನ ಸಾಮಾನುಗಳ ನಡುವೆ ಸಿಕ್ಕಿದ ಸಲಾಬತ್ ಖಾನನೆಂಬ ಬಾಲಕನನ್ನು ವೆಲ್ಲೆಸ್ಲಿಯು ಸಾಕಿಸಿದನು, ಈ ದೇಶವನ್ನು ಬಿಡುವಾಗ ಅವನ ಪೋಷಣೆಗೆ ಹಣವನ್ನೂ ಇರಿಸಿಹೋದನು. ಹನ್ನೆರಡನೆಯ ಸರದಿಯ ತರುವಾಯವೂ ಹುಲಿಯು ಜೀವದಿಂದಿದ್ದರೆ ಗೆಲವು ಅದರದೇ ಎಂದು ನಾನು ಗೊತ್ತುಮಾಡಿದ್ದೇನೆ: ಹೊಳೆಗಳು ಇಳಿದ ಮೇಲೆ ಅದನ್ನು ಹಿಡಿಯುವ ಗೋಡೆಗಳಿರುವುದಿಲ್ಲವಷ್ಟೆ.

ಮೊದಲ ಸಲ ಆಡಿಸಿದಾಗ ಹುಲಿಯ ಪಾಲಿನ ಹುಡುಗನು ಅರ್ಧಕ್ಕೇ ಮುನಿಸಿಕೊಂಡು, “ಇದ್ಯಾವ ಸೀಮೆ ಯುದ್ಧ ಸಾರ್? ಇವನು ಹೊಡೆದಾಡೋಕೇ ಬರಲ್ಲ, ಎತ್ತು ಹೊಡ್ಕೊಂಡು ಬರೀ ಹಿಂದೆ ಹಿಂದೆ ಬರ್ತಾನೆ” ಎಂದನು. ಅವನ ಎದುರಾಳಿಯು ಮಾತನಾಡದೆ ಮಲಪ್ರಭೆಯ ಕಡವಿನ ಮೇಲೆ ಮತ್ತೊಂದು ಹುಣಸೆಯ ಬೀಜವನ್ನಿಟ್ಟನು. ಆ ಹೊಳೆಯ ದಾಳವನ್ನು ಮಾತ್ರ ಇನ್ನೂ ಕೊಂಚ ತಿದ್ದಬೇಕಾಗಿದೆ. ಆರು ಸಲದಲ್ಲಿ ಎರಡು ಸಲ ಇಳಿಯುವುದು ಹೆಚ್ಚಾಯಿತೆಂದು ತೋರುತ್ತದೆ.