ಬರಬೇಡಿ ಎಂದು ಕರೆದವರೇ ಹೇಳಲಿ

ಜುಲೈ ತಿಂಗಳ ಒಂದು ಭಾನುವಾರ ಎಂದಿಟ್ಟುಕೊಳ್ಳೋಣ. ಚಿಕ್ಕಮಗಳೂರಿನಲ್ಲಿ ತಂಗಿಯ ಮಗುವಿನ ಅಖೀಖಾ. ಉಜಿರೆಯ ಮನೆಯಲ್ಲಿ ಮಕ್ಕಳು ಹೊಸ ಬಟ್ಟೆ ತೊಟ್ಟು ಕುಳಿತಿದ್ದಾರೆ. ಹೊರಗೆ ಎರಡು ದಿನಗಳಿಂದ ಬಿಡದ ಮಳೆ. ಗಾಳಿಗೆ ಅಡಿಕೆ ಮರಗಳು ಬಾಗುತ್ತಿವೆ. ಚಾರ್ಮಾಡಿ ಘಾಟಿ ಹತ್ತಿ ಹೋಗಬೇಕು. ಅಣ್ಣನಿಗೆ ಹೊರಡುವ ಮನಸ್ಸಿಲ್ಲ. ಆದರೂ ಕಾರಿನ ಕೀ ಕೈಗೆತ್ತಿಕೊಳ್ಳುತ್ತಾನೆ. ಹೋಗದಿದ್ದರೆ ತಂಗಿ ಬೇಸರ ಮಾಡಿಕೊಳ್ಳುತ್ತಾಳೆ, ಭಾವನ ಮನೆಯವರು ಏನೆಂದುಕೊಂಡಾರು ಎಂಬ ಅಳುಕು. ಅತ್ತ ತಂಗಿಯೂ ಕಿಟಕಿಯಲ್ಲಿ ಮಳೆ ನೋಡುತ್ತಾ, ಇವತ್ತು ಅವರು ಬಾರದಿದ್ದರೇ ಒಳ್ಳೆಯದಿತ್ತು ಅಂದುಕೊಳ್ಳುತ್ತಿದ್ದಾಳೆ. ಆದರೆ ಕರೆದ ಮೇಲೆ ಬರಬೇಡಿ ಎನ್ನುವುದು ಹೇಗೆ?

ಇಬ್ಬರಿಗೂ ಬೇಡವಾದ ಪ್ರಯಾಣವೊಂದು ಹೀಗೆ ಹೊರಡುತ್ತದೆ. ಇದು ಕಲ್ಪಿಸಿಕೊಂಡ ಮನೆ. ಆದರೆ ಇಂಥ ಮಾತು ನಮ್ಮಲ್ಲಿ ಯಾರ ಮನೆಯಲ್ಲೂ ನಡೆದಿಲ್ಲ ಎನ್ನಲಾರೆವು. ಹೆರಿಗೆ ನೋವು ಬಂದವಳನ್ನು, ಡಯಾಲಿಸಿಸ್ ಬೇಕಾದವರನ್ನು ಕರೆದೊಯ್ಯುವಾಗ ನಾವು ಮಳೆಯನ್ನು ಲೆಕ್ಕಿಸುವುದಿಲ್ಲ, ಲೆಕ್ಕಿಸಲೂ ಆಗದು. ಆದರೆ ಔತಣ, ನಿಶ್ಚಿತಾರ್ಥ, ಹೊಸ ಮನೆ ನೋಡುವುದು, ಸುಮ್ಮನೆ ಜಲಪಾತ ನೋಡಲು ಹೋಗುವುದು ಇವೆಲ್ಲ ಬೇರೆ. ಅಲ್ಲಿ ನಮ್ಮನ್ನು ರಸ್ತೆಗೆ ತಳ್ಳುವುದು ಅಗತ್ಯವಲ್ಲ, ದಾಕ್ಷಿಣ್ಯ.

ಮಳೆಗೆ ದಾಕ್ಷಿಣ್ಯವಿಲ್ಲ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಹಾದಂಗಡಿ ಮಣ್ಣಿನ ಪಾಲಾಯಿತು. ವಾಹನಗಳು ಗಂಗಾವಳಿ ನದಿಗೆ ಬಿದ್ದವು. ಒಂದು ಲಾರಿಯನ್ನು ನದಿಯಿಂದ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಬೇಕಾಯಿತು. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಭೂಕುಸಿತದಿಂದ ಬಂದ್ ಆದದ್ದನ್ನು ನಾವು ಮರೆತಿಲ್ಲ. ಬಯಲಿನವರಿಗೂ ಅಪಾಯ ತಪ್ಪಿದ್ದಲ್ಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರೊಂದು ಮಳೆನೀರಿನಲ್ಲಿ ಮುಳುಗಿ ಯುವತಿಯೊಬ್ಬಳು ತೀರಿಕೊಂಡಳು. ಅದು ರಾಜಧಾನಿಯ ನಟ್ಟನಡುವಿನ ರಸ್ತೆ.

ನೀರಿನ ಶಕ್ತಿಯನ್ನು ನಾವು ಕಡಿಮೆ ಅಂದಾಜಿಸುವುದೇಕೆಂದರೆ ಕಾರು ಭಾರವಾದದ್ದೆಂಬ ನಂಬಿಕೆ. ಸಣ್ಣ ಲೆಕ್ಕ ಮಾಡಿ ನೋಡೋಣ. ಒಂದು ಟನ್ ತೂಕದ ಸಣ್ಣ ಕಾರಿನ ತಳದ ವಿಸ್ತೀರ್ಣ ಸುಮಾರು 6 ಚದರ ಮೀಟರ್. ತಳ ಮುಟ್ಟಿದ ನೀರು ಮತ್ತೆ 17 ಸೆಂ.ಮೀ. ಏರಿದರೆ ಕಾರು ಸುಮಾರು ಸಾವಿರ ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿರುತ್ತದೆ. ಸಾವಿರ ಕಿಲೋ ಕಾರನ್ನು ಎತ್ತಲು ಅಷ್ಟು ಸಾಕು. ತಳವು ರಸ್ತೆಯಿಂದ ಇರುವ ಎತ್ತರವನ್ನೂ ಸೇರಿಸಿದರೆ ಒಟ್ಟು ಒಂದು ಅಡಿಯ ಆಸುಪಾಸು. ಅಂದರೆ ಮೊಣಕಾಲಿಗಿಂತ ಕೆಳಗಿನ ನೀರಿನಲ್ಲೇ ಚಕ್ರಗಳು ನೆಲದ ಹಿಡಿತ ಬಿಡತೊಡಗುತ್ತವೆ. ನೀರು ಹರಿಯುತ್ತಿದ್ದರೆ ಕಾರು ಅದರ ಜತೆಗೇ ಹೋಗುತ್ತದೆ. ಎರಡು ಅಡಿ ಹರಿಯುವ ನೀರು ದೊಡ್ಡ ಗಾಡಿಗಳನ್ನೂ ಬಿಡುವುದಿಲ್ಲ. ಕೆಂಪು ನೀರಿನಡಿ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಎಂಬುದು ಮೇಲಿನಿಂದ ಕಾಣುವುದೂ ಇಲ್ಲ.

ಘಾಟಿಯಲ್ಲಿ ಮಳೆ ನಿಂತ ಕೂಡಲೇ ಅಪಾಯ ನಿಲ್ಲುವುದಿಲ್ಲ. ರಸ್ತೆಗಾಗಿ ಕಡಿದ ಗುಡ್ಡ ಹಲವು ದಿನ ನೀರು ಕುಡಿದು ಭಾರವಾಗಿರುತ್ತದೆ. ಬಿಸಿಲು ಕಂಡ ದಿನವೂ ಅದು ಜಾರಬಹುದು. ಆದ್ದರಿಂದ ಅಂಥ ಗುಡ್ಡದ ಬುಡದಲ್ಲಿ ಚಹಾ ಕುಡಿಯಲು, ಫೋಟೋ ತೆಗೆಯಲು ಗಾಡಿ ನಿಲ್ಲಿಸುವುದು ಸಲ್ಲದು.

ಹೊರಡುವ ಮೊದಲು ನಾಲ್ಕು ಪ್ರಶ್ನೆ

ಮೊದಲನೆಯದು: ಇವತ್ತಿನ ಬದಲು ನಾಳೆ ಅಥವಾ ಮುಂದಿನ ವಾರ ಹೋದರೆ ಯಾರಿಗೆ, ಏನು ನಷ್ಟ? ಉತ್ತರ "ಬೇಸರ" ಎಂದಾದರೆ ಪ್ರಯಾಣ ಮುಂದೂಡಬಹುದಾದದ್ದು. ಬೇಸರ ಮಾತಿನಿಂದ ಕರಗುತ್ತದೆ.

ಎರಡನೆಯದು: ಎಚ್ಚರಿಕೆ ಏನಿದೆ? ಹವಾಮಾನ ಇಲಾಖೆಯ ಹಳದಿ ಬಣ್ಣ ಗಮನವಿರಲಿ ಎನ್ನುತ್ತದೆ, ಕಿತ್ತಳೆ ಸಿದ್ಧರಾಗಿರಿ ಎನ್ನುತ್ತದೆ, ಕೆಂಪು ಕೂಡಲೇ ಕ್ರಮ ಕೈಗೊಳ್ಳಿ ಎನ್ನುತ್ತದೆ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಭಾರೀ ಮಳೆ, 115.6 ಮಿ.ಮೀ.ನಿಂದ ಅತಿ ಭಾರೀ, 204.4 ಮಿ.ಮೀ.ಗೂ ಮೀರಿದರೆ ಅತ್ಯಂತ ಭಾರೀ. ಈ ಕೊನೆಯ ಪ್ರಮಾಣದ ಮಳೆಯೆಂದರೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಒಂದು ಛಾವಣಿಯ ಮೇಲೆ ಒಂದೇ ದಿನ 20,000 ಲೀಟರ್‌ಗೂ ಹೆಚ್ಚು ನೀರು. ನಮ್ಮ ಅಂಗಳದ ಮಳೆ ನೋಡಿ ನಿರ್ಧರಿಸಬಾರದು. ಹೋಗುವ ಜಿಲ್ಲೆಯ, ನಡುವಿನ ಘಾಟಿಯ ಎಚ್ಚರಿಕೆಯನ್ನೂ ನೋಡಬೇಕು. ಘಟ್ಟದ ಮೇಲೆ ಸುರಿದ ಮಳೆಯೇ ಕೆಳಗಿನ ಹೊಳೆಯನ್ನು ತುಂಬುವುದು. ಊರಲ್ಲಿ ಹನಿ ಬೀಳದಿದ್ದರೂ ಸೇತುವೆ ಮುಳುಗಬಹುದು.

ಮೂರನೆಯದು: ಹಿಂತಿರುಗುವುದು ಯಾವಾಗ? ನಾವು ಹೋಗುವ ಹೊತ್ತನ್ನು ಮಾತ್ರ ಯೋಚಿಸುತ್ತೇವೆ. ಮಧ್ಯಾಹ್ನದ ಊಟಕ್ಕೆ ಹೋದವರು ಮಾತು, ಚಹಾ, ನಮಾಝ್ ಮುಗಿಸಿ ಹೊರಡುವಾಗ ಕತ್ತಲಾಗಿರುತ್ತದೆ. ಆಗ ಘಾಟಿಯಲ್ಲಿ ಮಂಜು, ಎದುರಿನ ಗಾಡಿಯ ಬೆಳಕು, ರಸ್ತೆಗೆ ಬಿದ್ದ ಮರ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಒಣ ರಸ್ತೆಗಿಂತ ಬಹಳ ಹೆಚ್ಚು ದೂರ ಬೇಕು. ಹಗಲಲ್ಲೇ ವಾಪಸು ಬರಲಾಗದಿದ್ದರೆ, ಅಲ್ಲೇ ರಾತ್ರಿ ಉಳಿಯಲೂ ಆಗದಿದ್ದರೆ, ಹೋಗದಿರುವುದೇ ಮೇಲು.

ನಾಲ್ಕನೆಯದು: ಗಾಡಿಯಲ್ಲಿ ಯಾರಿದ್ದಾರೆ? ಚಾಲಕನ ಧೈರ್ಯ ಅವನೊಬ್ಬನದು. ಅಪಾಯ ಮಾತ್ರ ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮಗುವಿನದೂ ಹೌದು, ಮುದಿ ತಾಯಿಯದೂ ಹೌದು.

ಇಷ್ಟಾದ ಮೇಲೂ ಹೊರಟರೆ, ಎಲ್ಲಿಂದ ಹಿಂದಿರುಗುವುದೆಂದು ಮನೆಯಲ್ಲೇ ಗೊತ್ತುಮಾಡಿಕೊಳ್ಳಬೇಕು. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ, ಮುಂದೆ ಕಲ್ಲು ಮಣ್ಣು ಬಿದ್ದಿದ್ದರೆ, ಪೊಲೀಸರು ತಡೆದರೆ ಅಲ್ಲಿಗೇ ತಿರುಗುವುದು, ಅದರ ಮೇಲೆ ಚರ್ಚೆಯಿಲ್ಲ. ಎಂಜಿನ್‌ಗೆ ನೀರು ಹೋಗಿ ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು. ನೀರು ಏರುತ್ತಿದ್ದರೆ ಕಾರಿನ ಆಸೆ ಬಿಟ್ಟು ಎತ್ತರದ ಜಾಗಕ್ಕೆ ಹೋಗಬೇಕು. ತುರ್ತಿಗೆ 112, ಜಿಲ್ಲೆಯ ವಿಪತ್ತು ಸಹಾಯವಾಣಿ 1077.

ಹಿಂದಿರುಗುವುದು ಸೋಲಲ್ಲ

ಅಲ್ಲಾಹನ ಮೇಲೆ ಭರವಸೆಯಿಟ್ಟು ಹೊರಟಿದ್ದೇವೆ, ಏನೂ ಆಗದು ಎನ್ನುವವರು ನಮ್ಮಲ್ಲಿದ್ದಾರೆ. ಅವರ ವಿಶ್ವಾಸವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಖಲೀಫ ಉಮರ್(ರ) ಶಾಮ್‌ಗೆ ಹೊರಟಾಗ ನಡೆದದ್ದನ್ನು ನೆನೆಯಬೇಕು. ಸರ್ಗ್ ಎಂಬಲ್ಲಿಗೆ ತಲುಪಿದಾಗ ಶಾಮ್‌ನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದೆಯೆಂಬ ಸುದ್ದಿ ಬಂತು. ಅವರು ಜತೆಗಿದ್ದವರ ಸಲಹೆ ಕೇಳಿದರು, ಅರ್ಧದಾರಿಯಿಂದಲೇ ಮರಳಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ ಉಮರ್(ರ) ಕೊಟ್ಟ ಉತ್ತರದ ತಾತ್ಪರ್ಯ ಇಷ್ಟೇ: ಹೋಗುವುದೂ ವಿಧಿ, ಹಿಂದಿರುಗುವುದೂ ಅದೇ ಅಲ್ಲಾಹನ ವಿಧಿ. ತವಕ್ಕುಲ್ ಎಂಬುದು ಬುದ್ಧಿಯನ್ನು ಮನೆಯಲ್ಲಿಟ್ಟು ಹೊರಡುವುದಲ್ಲ.

ಇನ್ನೊಂದು ಪಾಠ ಅಝಾನ್‌ಗೆ ಸಂಬಂಧಿಸಿದ್ದು. ಪ್ರಯಾಣದಲ್ಲಿ ಚಳಿಯ ಅಥವಾ ಮಳೆಯ ರಾತ್ರಿ ಬಂದಾಗ, ಇದ್ದಲ್ಲೇ ನಮಾಝ್ ಮಾಡಿಕೊಳ್ಳಿ ಎಂದು ಸಾರಲು ಪ್ರವಾದಿ(ಸ) ಮುಅಝ್ಝಿನ್‌ಗೆ ಹೇಳುತ್ತಿದ್ದರು. ಇಬ್ನು ಅಬ್ಬಾಸ್(ರ) ಮಳೆಯ ಶುಕ್ರವಾರವೊಂದರಂದು ಜುಮಾಕ್ಕೂ ಹೀಗೆಯೇ ಮಾಡಿಸಿದರು. ಜನರು ಆಶ್ಚರ್ಯಪಟ್ಟಾಗ, ನಿಮ್ಮನ್ನು ಕೆಸರಿನಲ್ಲಿ ನಡೆಸಲು ನನಗೆ ಇಷ್ಟವಾಗಲಿಲ್ಲ ಎಂಬರ್ಥದಲ್ಲಿ ವಿವರಿಸಿದರು. ಗಮನಿಸಿ, ಬಾರದಿರಲು ನೆಪ ಹುಡುಕುವ ಕಷ್ಟವನ್ನು ಅವರು ಜನರಿಗೆ ಬಿಡಲಿಲ್ಲ. ಯಾವ ದನಿ ಬನ್ನಿ ಎಂದು ಕರೆಯಬೇಕಿತ್ತೋ ಅದೇ ದನಿ ಮನೆಯಲ್ಲೇ ಇರಿ ಎಂದಿತು.

ಜುಮಾಕ್ಕೇ ಈ ರಿಯಾಯಿತಿ ಇರುವಾಗ ನಮ್ಮ ಔತಣಕ್ಕೆ ಏಕಿಲ್ಲ? ಮಳೆಯ ದಿನ ಮನೆಯಲ್ಲಿ ಕಾರ್ಯಕ್ರಮ ಇಟ್ಟುಕೊಂಡವರು ಬೆಳಿಗ್ಗೆಯೇ ಎಚ್ಚರಿಕೆಯ ಬಣ್ಣ ನೋಡಲಿ, ಘಾಟಿಯಾಚೆಯವರಿಗೆ ತಾವೇ ಫೋನ್ ಮಾಡಲಿ. "ಅಣ್ಣಾ, ಇವತ್ತು ಬರಬೇಡಿ. ಮಳೆ ಕಡಿಮೆಯಾದ ಮೇಲೆ ಬಂದು ನಾಲ್ಕು ದಿನ ಇದ್ದು ಹೋಗಿ. ನಿಮ್ಮ ಪಾಲಿನ ಮಾಂಸ ಫ್ರಿಜ್‌ನಲ್ಲಿರುತ್ತದೆ." ಅಖೀಖಾ ನಿಲ್ಲುವುದಿಲ್ಲ, ಮಗುವಿನ ಹೆಸರೂ ನಿಲ್ಲುವುದಿಲ್ಲ. ಊಟದ ಎಲೆ ನಾಲ್ಕು ಕಡಿಮೆಯಾದೀತು, ಅಷ್ಟೇ. ಬಾರದವರ ಬಗ್ಗೆ ಕಾರ್ಯಕ್ರಮದಲ್ಲಿ ಯಾರಾದರೂ ಮಾತೆತ್ತಿದರೆ, ನಾವೇ ಬೇಡವೆಂದೆವು ಎಂದು ಮನೆಯ ಹಿರಿಯರು ಹೇಳಿಬಿಡಲಿ.

ಆ ಫೋನ್ ಬಂದ ಮನೆಯಲ್ಲಿ ಅಣ್ಣ ಕಾರಿನ ಕೀಯನ್ನು ಮತ್ತೆ ಮೊಳೆಗೆ ನೇತುಹಾಕುತ್ತಾನೆ. ಮಕ್ಕಳು ಒಂದಿಷ್ಟು ಹೊತ್ತು ಅಳುತ್ತಾರೆ, ಆಮೇಲೆ ಹೊಸ ಬಟ್ಟೆಯಲ್ಲೇ ಅಂಗಳದ ನೀರಿಗೆ ಕಾಗದದ ದೋಣಿ ಬಿಡುತ್ತಾರೆ. ಈ ಮಳೆಗಾಲದಲ್ಲಿ ನಮ್ಮ ಮನೆಗಳಿಂದ ಅಂಥ ಕರೆಗಳು ಹೋಗಲಿ. ಅಲ್ಲಾಹನು ಹೊರಟವರನ್ನೂ ಉಳಿದವರನ್ನೂ ಕಾಪಾಡಲಿ.